ತ್ರುಟಿತ ನೆಲವನ್ನು ಓದುವುದು: ಗಿಡ ನೆಡುವ ಮುಂಚೆ ಶಾಸನಾಸಕ್ತರು ಕೇಳಬೇಕಾದ ಪ್ರಶ್ನೆ

ಮಳೆಗಾಲ ಶುರುವಾಯ್ತು ಅಂದ್ರೆ ವೀರಗಲ್ಲು, ಹಾಳುಗುಡಿ, ಕೋಟೆಗಳ ಸುತ್ತ ಗಿಡ ನೆಡುವ ಕಾರ್ಯಕ್ರಮಗಳೂ ಶುರುವಾಗುತ್ತವೆ. ಮುಳ್ಳುಕಂಟಿ ಕಡಿದು, ಬಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿ, ಪಾಠ ಓದಿ ಆದ ಮೇಲೆ "ಸುತ್ತ ಒಂದು ನೂರು ಗಿಡ ಹಾಕಿಬಿಡೋಣ" ಅನ್ನಿಸುವುದು ಸಹಜ. ಈ ಸಲ ಬಯಲುಸೀಮೆಯ ಒಂದು ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ವೀರಗಲ್ಲುಗಳಿರುವ ಗೋಮಾಳದಲ್ಲಿ ಸಾವಿರಾರು ಗಿಡ ಹಾಕುವ ಯೋಜನೆ ಅವರದು. "ಸರ್, ನಮ್ಮ ಸೀಮೆಯ ಶಾಸನಗಳಲ್ಲಿ ಬರುವ ಮರಗಳ ಪಟ್ಟಿ ಕೊಡಿ, ಅವನ್ನೇ ನೆಡ್ತೀವಿ. ಅಂದಿನ ಪರಿಸರ ವಾಪಸ್ ತರ್ತೀವಿ" ಎಂದು ಕೇಳಿದ್ದಾರೆ.

ಉದ್ದೇಶ ಒಳ್ಳೆಯದೇ. ಪಟ್ಟಿ ಮಾಡುವುದೂ ಕಷ್ಟವಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳನ್ನು ಮುಂದಿಟ್ಟುಕೊಂಡು ಕೂತರೆ ಹುಣಸೆ, ಆಲ, ಅತ್ತಿ, ಬೇವು ಅಂತ ಒಂದು ಸಂಜೆಯಲ್ಲಿ ಎರಡು ಪುಟ ತುಂಬುತ್ತೆ. ಆದರೆ ಆ ಪಟ್ಟಿಯಿಂದ ಅಂದಿನ ಪರಿಸರ ವಾಪಸ್ ಬರಲ್ಲ. ಬರುವ ಬದಲು, ಅಂದಿನಿಂದ ಇಂದಿನವರೆಗೆ ಉಳಿದು ಬಂದಿರುವ ಒಂದು ಪರಿಸರವೇ ಕೈತಪ್ಪಿ ಹೋಗಬಹುದು. ಯಾಕೆ ಅನ್ನುವುದನ್ನು ನಮಗೆಲ್ಲ ಗೊತ್ತಿರುವ ಕೆಲಸದಿಂದಲೇ ಶುರುಮಾಡುತ್ತೇನೆ.

ತ್ರುಟಿತ ಪಾಠವನ್ನು ನಾವು ಹೇಗೆ ತುಂಬುತ್ತೇವೆ?

ಒಂದು ಶಾಸನದ ಮೂರನೇ ಸಾಲಿನಲ್ಲಿ ಆರು ಅಕ್ಷರ ಸವೆದುಹೋಗಿವೆ ಅಂತಿಟ್ಟುಕೊಳ್ಳಿ. ಅಲ್ಲಿ ನಮಗೆ ಇಷ್ಟವಾದ ಪದ ಬರೆಯಲ್ಲ. ಅದೇ ಅರಸನ, ಅದೇ ಕಾಲದ, ಆದಷ್ಟು ಅದೇ ಸೀಮೆಯ ಬೇರೆ ಶಾಸನಗಳನ್ನು ತೆರೆದು ನೋಡ್ತೀವಿ. ಆ ಬಿರುದಾವಳಿ ಅಲ್ಲಿ ಹೇಗೆ ಮುಂದುವರಿಯುತ್ತೆ, ಈ ಜಾಗದಲ್ಲಿ ಎಷ್ಟು ಅಕ್ಷರ ಹಿಡಿಯುತ್ತೆ, ಉಳಿದಿರುವ ಗೀರು ಯಾವ ಅಕ್ಷರಕ್ಕೆ ಹೊಂದುತ್ತೆ ಅಂತ ತಾಳೆ ಹಾಕ್ತೀವಿ. ಆಮೇಲೆ ತುಂಬಿದ್ದನ್ನು ಕಂಸದೊಳಗೆ ಇಡ್ತೀವಿ. ಕಲ್ಲಿನಲ್ಲಿ ಇದ್ದದ್ದು ಯಾವುದು, ಸಂಪಾದಕ ಸೇರಿಸಿದ್ದು ಯಾವುದು ಅಂತ ಮುಂದೆ ಓದುವವನಿಗೆ ಗೊತ್ತಾಗಬೇಕಲ್ಲ. ಆಧಾರ ಸಿಗದಿದ್ದರೆ ಚುಕ್ಕಿ ಇಟ್ಟು ಸುಮ್ಮನಾಗುತ್ತೇವೆ. ಹೊಯ್ಸಳರ ಕಲ್ಲಿಗೆ ಕದಂಬರ ಬಿರುದು ತಂದು ಅಂಟಿಸಿದರೆ ಅದು ಸಂಪಾದನೆ ಅಲ್ಲ, ಕೂಟಶಾಸನ.

ಹಾಳಾದ ನೆಲವೂ ಒಂದು ತ್ರುಟಿತ ಪಾಠವೇ. ಕೆಲವು ಜೀವಿಗಳು ಅಳಿಸಿಹೋಗಿವೆ, ಕೆಲವು ಹೊರಗಿನಿಂದ ಬಂದು ಸೇರಿಕೊಂಡಿವೆ, ಮೇಲ್ಮಣ್ಣು ಕೊಚ್ಚಿಹೋಗಿದೆ. ಅದನ್ನು ತುಂಬುವ ಕೆಲಸಕ್ಕೆ ಪರಿಸರ ಪುನಃಸ್ಥಾಪನೆ ಅಂತ ಹೆಸರು. ಅಲ್ಲೂ ಇದೇ ಶಿಸ್ತು ಬೇಕು ಅಂತ ಆ ವಿದ್ಯೆಯವರು ಮಾನದಂಡಗಳನ್ನೇ ಬರೆದಿಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ ರಾಷ್ಟ್ರೀಯ ಮಾನದಂಡಗಳು 2016ರಲ್ಲಿ ಬಂದವು. ಅದೇ ವರ್ಷ ಸೊಸೈಟಿ ಫಾರ್ ಇಕಲಾಜಿಕಲ್ ರೆಸ್ಟೊರೇಶನ್ ಸಂಸ್ಥೆ ಅಂತರರಾಷ್ಟ್ರೀಯ ಮಾನದಂಡಗಳ ಮೊದಲ ಆವೃತ್ತಿ ತಂದಿತು. ಎರಡನೆಯ ಆವೃತ್ತಿ 2019ರದು. ಎಲ್ಲದರ ನಡುಗಂಬ ಒಂದೇ: ರೆಫರೆನ್ಸ್ ಇಕೋಸಿಸ್ಟಮ್. ನಮ್ಮ ಓದುಗರಿಗೆ 'ಆಕರ' ಎಂಬ ಪದ ಹೊಸದಲ್ಲ, ಹಾಗಾಗಿ ಇಲ್ಲಿ ಅದನ್ನು 'ಆಕರ ಪರಿಸರ' ಅಂತ ಕರೆಯುತ್ತೇನೆ.

ಆಕರ ಪರಿಸರ ಅಂದ್ರೇನು?

"ಈ ಜಾಗ ಹಾಳಾಗದೇ ಇದ್ದಿದ್ದರೆ ಇವತ್ತು ಹೇಗಿರುತ್ತಿತ್ತು?" ಎಂಬ ಪ್ರಶ್ನೆಗೆ ಆಧಾರ ಸಮೇತ ಕೊಡುವ ಉತ್ತರವೇ ಆಕರ ಪರಿಸರ. ಇಲ್ಲಿ 'ಇವತ್ತು' ಅನ್ನುವ ಪದ ಮುಖ್ಯ. ಕ್ರಿ.ಶ. 950ರ ಒಂದು ದಿನಕ್ಕೆ ಗಡಿಯಾರ ತಿರುಗಿಸುವ ಮಾತಲ್ಲ ಅದು. ಹವಾಮಾನ ಬದಲಾಗಿದೆ, ನೆಲದ ನೀರು ಇಳಿದಿದೆ, ಅದನ್ನೆಲ್ಲ ಲೆಕ್ಕಕ್ಕೆ ತಗೊಂಡೇ ಉತ್ತರ ಹೇಳಬೇಕು.

ಆ ಉತ್ತರಕ್ಕೆ ಒಂದೇ ಸಾಕ್ಷಿ ಸಾಲದು. ಅದೇ ಬಗೆಯ ಮಣ್ಣು, ಮಳೆ, ಇಳಿಜಾರು ಇದ್ದು ಕಡಿಮೆ ಹಾಳಾಗಿರುವ ಹತ್ತಿರದ ಜಾಗಗಳನ್ನು ನೋಡಬೇಕು. ಒಂದಲ್ಲ, ಹಲವು. ಸ್ಥಳದಲ್ಲೇ ಉಳಿದಿರುವ ಬೇರು, ಬೀಜ, ಹುಲ್ಲಿನ ಬುಡ ಗಮನಿಸಬೇಕು. ಹಳೆಯ ದಾಖಲೆ, ನಕ್ಷೆ, ಫೋಟೋ, ಪ್ರವಾಸಿಗರ ಬರಹ ಹುಡುಕಬೇಕು. ದನ ಮೇಯಿಸುವವರು, ಗಿಡಮೂಲಿಕೆ ಬಲ್ಲವರು ಏನು ಹೇಳ್ತಾರೆ ಕೇಳಬೇಕು. ಇವೆಲ್ಲ ಒಂದೇ ಕಡೆ ಬೆರಳು ತೋರಿಸಿದರೆ ಆಕರ ಗಟ್ಟಿ. ನಮ್ಮ ಶಾಸನಗಳಿಗೆ ಈ ಸಾಲಿನಲ್ಲಿ ಒಂದು ಜಾಗ ಖಂಡಿತ ಇದೆ. ಆದರೆ ಅದು ಹಲವು ಸಾಕ್ಷಿಗಳಲ್ಲಿ ಒಬ್ಬ ಸಾಕ್ಷಿಯ ಜಾಗ, ನ್ಯಾಯಾಧೀಶರದ್ದಲ್ಲ.

ಶಾಸನ ಏನು ಹೇಳುತ್ತೆ, ಏನು ಹೇಳಲ್ಲ

ಮೊದಲು ಗಡಿ ವಿವರಗಳು. ದಾನಶಾಸನದಲ್ಲಿ ನೆಲದ ಬಗ್ಗೆ ನಿಜವಾದ ಸ್ಥಳೀಯ ಮಾಹಿತಿ ಇರುವುದು ಅಲ್ಲೇ. ಗಂಗರ ತಾಮ್ರಪಟಗಳಲ್ಲಿ ಪ್ರಶಸ್ತಿ ಭಾಗ ಸಂಸ್ಕೃತದಲ್ಲಿದ್ದರೂ ಗಡಿ ಹೇಳುವಾಗ ಕನ್ನಡಕ್ಕೆ ಇಳಿಯುವುದುಂಟು. ಮೂಡಣಕ್ಕೆ ಇಂಥ ಹುಣಸೆ, ತೆಂಕಣಕ್ಕೆ ಹುತ್ತ, ಪಡುವಣಕ್ಕೆ ಮೊರಡಿ, ಬಡಗಣಕ್ಕೆ ನಟ್ಟ ಕಲ್ಲು ಎಂಬ ಧಾಟಿ ನಿಮಗೆ ಗೊತ್ತಿದೆ. ಪಟ್ಟಿ ಕೇಳಿದ ಗೆಳೆಯರ ಮನಸ್ಸಿನಲ್ಲಿದ್ದದ್ದೂ ಈ ಮರಗಳೇ.

ಆದರೆ ಮರವೊಂದು ಗಡಿಗುರುತು ಆಗುವುದು ಯಾವಾಗ? ದೂರದಿಂದ ಕಾಣಬೇಕು, "ಆ ಮರ" ಅಂದ ಕೂಡಲೇ ಊರಿನವರಿಗೆಲ್ಲ ಗೊತ್ತಾಗಬೇಕು, ತಲೆಮಾರುಗಟ್ಟಲೆ ಬಾಳಬೇಕು. ಸಾವಿರ ಮರಗಳ ನಡುವಿನ ಒಂದು ಮರ ಗಡಿಗುರುತಾಗಿ ಕೆಲಸಕ್ಕೆ ಬರಲ್ಲ. ಅಂದ್ರೆ ಗಡಿಯ ಮರ ಅಲ್ಲಿನ ಸಾಮಾನ್ಯ ಸಸ್ಯದ ಮಾದರಿ ಅಲ್ಲ, ಎದ್ದು ಕಾಣುವ ಅಪವಾದ. ಒಂಟಿ ಮರ, ಹುತ್ತ, ಮೊರಡಿಗಳಿಂದಲೇ ಗಡಿ ಹೇಳಿ ಮುಗಿಸಲು ಸಾಧ್ಯವಾಗಿದ್ದರೆ ಅದು ಕಣ್ಣು ಹಾಯುವಷ್ಟು ತೆರೆದ ನೆಲ ಇರಬಹುದು ಅಂತಲೂ ಊಹಿಸಬಹುದು. ಊರ ಹೆಸರುಗಳಿಗೂ ಇದೇ ಮಾತು. ಆಲದಹಳ್ಳಿ ಅಂದ್ರೆ ಆಲದ ಕಾಡಿತ್ತು ಅಂತಲ್ಲ, ಹೆಸರು ಕೊಡುವಷ್ಟು ದೊಡ್ಡ ಆಲ ಒಂದಿತ್ತು ಅಂತ.

ಎರಡನೆಯದು, ಶಾಸನದಲ್ಲಿದೆ ಅಂದ ಮಾತ್ರಕ್ಕೆ ಆ ಸಸ್ಯ ಈ ನೆಲದ್ದೇ ಆಗಬೇಕಿಲ್ಲ. ಹುಣಸೆಯನ್ನೇ ನೋಡಿ. ಗಡಿಯ ಮರ ಅಂದ್ರೆ ಮೊದಲು ನೆನಪಾಗುವುದೇ ಅದು, ಆದರೆ ಸಸ್ಯಶಾಸ್ತ್ರಜ್ಞರು ಅದರ ತವರು ಆಫ್ರಿಕಾ ಅಂತಾರೆ. ಬಹಳ ಹಿಂದೆಯೇ ಬಂದು ನಮ್ಮ ಅಡುಗೆಮನೆ, ಊರ ಹೆಸರು ಎಲ್ಲದರಲ್ಲೂ ಬೆರೆತಿದೆ. ಅದನ್ನು ಊರಂಚಿನಲ್ಲಿ ನೆಡಬೇಡಿ ಅಂತ ನಾನು ಹೇಳ್ತಿಲ್ಲ. ಮೂಲ ಸಸ್ಯವರ್ಗದ ಪುನಃಸ್ಥಾಪನೆ ಅಂತ ಹೆಸರಿಟ್ಟು ನೆಡಬಾರದು, ಅಷ್ಟೇ. ಇದಕ್ಕೆ ತಿರುಗುಮುರುಗಾಗಿ 'ಬಳ್ಳಾರಿ ಜಾಲಿ'ಯ ಹೆಸರು ಕೇಳಿದರೆ ನಮ್ಮದೇ ಅನ್ನಿಸುತ್ತೆ. ಆದರೆ ಅದು ಅಮೆರಿಕ ಖಂಡದಿಂದ 19ನೇ ಶತಮಾನದಲ್ಲಿ ಭಾರತಕ್ಕೆ ತಂದ ಗಿಡ. ಹೆಸರನ್ನು ನಂಬಿ ತವರು ಹೇಳುವಂತಿಲ್ಲ.

ಮೂರನೆಯದು 'ಕಾಡು' ಎಂಬ ಪದ. ಮಧ್ಯಕಾಲದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲು, ತೋಟ, ತುಡಿಕೆಗಳ ಜೊತೆ ಕಾಡಾರಂಭ, ನೀರಾರಂಭ ಬರುತ್ತವೆ. ನೀರಾರಂಭ ನೀರಾವರಿ ಬೇಸಾಯ, ಕಾಡಾರಂಭ ಮಳೆ ನಂಬಿದ ಒಣ ಬೇಸಾಯ. ಇಲ್ಲಿ 'ಕಾಡು' ಅಂದ್ರೆ ದಟ್ಟ ಅರಣ್ಯ ಅಲ್ಲ, ನೀರಿನ ಆಸರೆ ಇಲ್ಲದ ನೆಲ. ಸಂಸ್ಕೃತದ 'ಜಾಂಗಲ' ಪದದ್ದೂ ಇದೇ ಕಥೆ. ಆಯುರ್ವೇದ ಗ್ರಂಥಗಳಲ್ಲಿ ಜಾಂಗಲ ಅಂದ್ರೆ ನೀರು ಕಡಿಮೆ ಇರುವ, ಚದುರಿದ ಮುಳ್ಳುಗಿಡಗಳ, ಜಿಂಕೆ ಓಡಾಡುವ ಬಯಲು. ಜೌಗಿನ 'ಆನೂಪ' ದೇಶಕ್ಕೆ ಅದು ಎದುರು. ಇದನ್ನು ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಝಿಮ್ಮರ್‌ಮನ್ ವಿವರವಾಗಿ ತೋರಿಸಿದ್ದಾರೆ. ಆ ಪದವೇ ಜಂಗಲ್ ಆಗಿ, ಇಂಗ್ಲಿಷಿನ ಜಂಗಲ್ ಆಗಿ, ಕೊನೆಗೆ ಹೆಣೆದುಕೊಂಡ ದಟ್ಟಡವಿ ಎಂಬ ಅರ್ಥಕ್ಕೆ ಬಂದು ನಿಂತಿತು. ಹಳೆಯ ಪಠ್ಯದಲ್ಲಿ ಕಾಡು, ಜಂಗಲ ಕಂಡ ಕೂಡಲೇ ಇಲ್ಲೆಲ್ಲ ಅರಣ್ಯ ಇತ್ತು ಅಂತ ಬರೆಯುವ ಮೊದಲು ಅರ್ಥಕೋಶ ತೆರೆಯುವುದು ಒಳ್ಳೆಯದು.

ನಾಲ್ಕನೆಯದು ವೀರಗಲ್ಲುಗಳು. ತುಱುಗೊಳ್ ಸಂದರ್ಭದ ವೀರಗಲ್ಲುಗಳು ನಾಡಿನ ಉದ್ದಗಲಕ್ಕೆ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳ ಸಾಲು, ಬಿಲ್ಲು ಹಿಡಿದ ವೀರ. ದನ ಇತ್ತು, ಆದ್ದರಿಂದ ಹುಲ್ಲುಗಾವಲಿತ್ತು ಅನ್ನುವುದು ಆಕರ್ಷಕ ವಾದ. ಆದರೆ ತುಂಬ ಮಳೆ ಬೀಳುವ ಸೊರಬ, ಶಿಕಾರಿಪುರ ಕಡೆಯೂ ಇಂಥ ಕಲ್ಲುಗಳು ಬೇಕಾದಷ್ಟಿವೆ. ದನ ಕಾಡಿನಂಚಿನಲ್ಲೂ ಮೇಯುತ್ತೆ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ನಾಯಿ ಹಂದಿಯ ಜೊತೆ ಹೋರಾಡಿ ಸತ್ತದ್ದು ಗೊತ್ತಲ್ಲ, ಅದರಿಂದ ಅಲ್ಲಿ ದಟ್ಟ ಕಾಡಿತ್ತು ಅಂತ ಸಾಧಿಸಲಾಗದು. ಕಾಡುಹಂದಿ ಕಬ್ಬಿನ ಗದ್ದೆಯಲ್ಲೂ ಇರುತ್ತೆ. ವೀರಗಲ್ಲು ಪಶುಸಂಪತ್ತಿನ ಬೆಲೆಯನ್ನು ಹೇಳುತ್ತೆ, ಅಲ್ಲಿನ ಸಸ್ಯಗಳ ಎಣಿಕೆಯನ್ನಲ್ಲ.

ಇದರ ಜೊತೆಗೆ ನಮ್ಮ ಮಾಮೂಲಿ ಎಚ್ಚರಗಳೂ ಇವೆ. ಬಳಸುತ್ತಿರುವ ತಾಮ್ರಪಟ ಕೂಟವೇ, ನಿಜವೇ? ಈ ಮಾತು ಈ ಊರಿಗೇ ಹೇಳಿದ್ದೋ, ಎಲ್ಲ ದಾನಕ್ಕೂ ಬರೆಯುವ ಸಿದ್ಧ ಒಕ್ಕಣೆಯೋ? ಕಾಡಾರಂಭ, ನೀರಾರಂಭ ಎಷ್ಟೋ ಸಲ ಬರೀ ಒಕ್ಕಣೆ. ಗಡಿ ಭಾಗ ಮಾತ್ರ ಆ ನೆಲದ್ದೇ.

ಉಳಿದ ಸಾಕ್ಷಿಗಳನ್ನು ಕರೆಯೋಣ

ಹಾಗಾದರೆ ಬಯಲುಸೀಮೆಯ ಗೋಮಾಳಕ್ಕೆ ಆಕರ ಎಲ್ಲಿ? ಎಷ್ಟೋ ಕಡೆ ಕಣ್ಣೆದುರಿಗೇ ಇದೆ. ಪಹಣಿಯಲ್ಲಿ ಗೋಮಾಳ, ಹುಲ್ಲುಬನ್ನಿ ಖರಾಬು, ಅಮೃತಮಹಲ್ ಕಾವಲು ಅಂತ ಬರೆದಿರುವ ನೆಲಗಳನ್ನು ನೋಡಿ. ಅಮೃತಮಹಲ್ ಕಾವಲುಗಳ ಮೂಲ ಮೈಸೂರು ಅರಸರ ಬೆಣ್ಣೆಚಾವಡಿ. ಅಮೃತಮಹಲ್ ಎಂಬ ಹೆಸರು ಟಿಪ್ಪುವಿನ ಕಾಲದ್ದು. ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಇವು ಹರಡಿದ್ದವು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ದಿನಚರಿ ಬರೆದಿಟ್ಟಿದ್ದಾನೆ, 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಿಮ್ಮ ಊರಿನ ಹತ್ತಿರ ಹಾದುಹೋಗಿದ್ದರೆ ಆ ಪುಟ ತೆಗೆದು ನೋಡಿ. ಪಕ್ಕದ ಮಹಾರಾಷ್ಟ್ರದಲ್ಲಿ ಸಂಶೋಧಕರು 13ನೇ ಶತಮಾನದಿಂದೀಚಿನ ಮರಾಠಿ ಪಠ್ಯ ಮತ್ತು ಮೌಖಿಕ ಸಾಹಿತ್ಯದಲ್ಲಿ ಬರುವ ಕಾಡುಗಿಡಗಳನ್ನು ಇದೇ ಉದ್ದೇಶಕ್ಕೆ ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದರು. ತೆರೆದ ಹುಲ್ಲುನೆಲದ ಸಸ್ಯಗಳೇ ಹೆಚ್ಚಾಗಿ ಕಂಡವು. ನಮ್ಮ ಶಾಸನಗಳಿಂದಲೂ ಇಂಥ ಕೆಲಸ ಆಗಬೇಕು.

"ಹುಲ್ಲುಗಾವಲು ಅಂದ್ರೆ ಕಾಡು ಕಡಿದ ಮೇಲೆ ಉಳಿದದ್ದು ತಾನೇ?" ಅಂತ ಬಹಳ ಜನ ಕೇಳ್ತಾರೆ. ಕೆಲವು ಕಡೆ ಹೌದು, ಎಲ್ಲ ಕಡೆ ಅಲ್ಲ. ದಕ್ಷಿಣ ಏಷ್ಯಾದಲ್ಲಿ ಬಿಸಿಲು ನೆಚ್ಚಿದ ಹುಲ್ಲುಗಳು ಹರಡಿದ್ದು ಸುಮಾರು 80ರಿಂದ 60 ಲಕ್ಷ ವರ್ಷಗಳ ಹಿಂದೆ. ಆಗ ಕೊಡಲಿ ಇರಲಿ, ಮನುಷ್ಯನೇ ಇಲ್ಲಿರಲಿಲ್ಲ. ವರ್ಷಕ್ಕೆ 500-600 ಮಿ.ಮೀ. ಮಳೆ ಬೀಳುವ, ಕಲ್ಲುಮಿಶ್ರಿತ ತೆಳು ಕೆಂಪುಮಣ್ಣಿನ ನೆಲದಲ್ಲಿ ಹುಲ್ಲು, ನಡುನಡುವೆ ಬಿಳಿಜಾಲಿ, ಕಗ್ಗಲಿ, ಕಮರ, ಬೋರೆ, ತಂಗಡಿ, ಬಂದರಿಕೆಗಳ ಚದುರಿದ ಗುಂಪು ಇರುವುದು ರೋಗದ ಲಕ್ಷಣ ಅಲ್ಲ, ಆ ನೆಲದ ಆರೋಗ್ಯದ ರೂಪವೇ ಅದಾಗಿರಬಹುದು. ಇಂಥ ನೆಲವನ್ನು ಸರ್ಕಾರಿ ನಕ್ಷೆಗಳು 'ಪಾಳುಭೂಮಿ' ಅಂತ ವರ್ಗೀಕರಿಸಿದ್ದರಿಂದ ಅದನ್ನು 'ತುಂಬಲೇಬೇಕು' ಎಂಬ ಭಾವನೆ ಬಂದುಬಿಟ್ಟಿದೆ.

ತುಂಬಿದರೆ ಏನಾಗುತ್ತೆ? ಬಿಸಿಲು ಬೇಡುವ ಹುಲ್ಲು ನೆರಳಿನಲ್ಲಿ ಸಾಯುತ್ತೆ. ಸಾಲುಸಾಲು ಗುಂಡಿ ತೋಡಿದರೆ ದಶಕಗಟ್ಟಲೆ ಹಳೆಯ ಹುಲ್ಲಿನ ಬೇರುಹಾಸು ತುಂಡಾಗುತ್ತೆ. ಹುಲ್ಲುನೆಲ ತನ್ನ ಇಂಗಾಲದ ಬಹುಪಾಲನ್ನು ಇಟ್ಟುಕೊಳ್ಳುವುದು ನೆಲದೊಳಗೇ. ಕೃಷ್ಣಮೃಗಕ್ಕಾಗಿ 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಬಯಲಿನ ಹಕ್ಕಿ ಎರೆಭೂತ ಅಲ್ಲಿಂದ ಕಾಣೆಯಾಯಿತು. ಹಕ್ಕಿಯ ಹೆಸರಿನಲ್ಲಿರುವ 'ಎರೆ' ನಮ್ಮ ಶಾಸನಗಳ ಎರೆಯೇ, ಕಪ್ಪುನೆಲ. ನೆಲದ ಹೆಸರು ಹೊತ್ತ ಹಕ್ಕಿಗೆ ನೆಲವೇ ಇಲ್ಲದಂತಾಯಿತು.

ಕೋಟೆಯ ಕೆಳಗೊಂದು ಮಾದರಿ

ಆಕರ ಹಿಡಿದು ಮಾಡಿದ ಕೆಲಸ ಹೇಗಿರುತ್ತೆ ಅನ್ನುವುದಕ್ಕೆ ಪರಂಪರೆಯ ಆಸಕ್ತರೆಲ್ಲ ನೋಡಬೇಕಾದ ಜಾಗ ಜೋಧಪುರದಲ್ಲಿದೆ. ಮೆಹ್ರಾನ್‌ಗಢ ಕೋಟೆಯ ಬುಡದಲ್ಲಿ ಸುಮಾರು 70 ಹೆಕ್ಟೇರ್ ಜ್ವಾಲಾಮುಖಿ ಕಲ್ಲಿನ ನೆಲ. ಪೂರ್ತಿ ಬಳ್ಳಾರಿ ಜಾಲಿಯೇ, ಅಲ್ಲಿನವರ ಬಾಯಲ್ಲಿ ಬಾವಳಿಯಾ, ಆಕ್ರಮಿಸಿಕೊಂಡಿತ್ತು. 2006ರಲ್ಲಿ ಪ್ರದೀಪ್ ಕ್ರಿಶನ್ ಅವರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಇಂದು ಅದು ರಾವ್ ಜೋಧಾ ಮರುಭೂಮಿ ಶಿಲಾ ಉದ್ಯಾನ.

ಅಲ್ಲಿ 'ಹಸಿರು ಮಾಡೋಣ' ಅಂತ ಹೊರಡಲಿಲ್ಲ. ಮಾರವಾಡದ ಬೇರೆ ಕಲ್ಲುಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಗಿಡ ಯಾವುವು, ಬಿರುಕಿನಲ್ಲಿ ಯಾವುದು, ಹರಳುಮಣ್ಣಿನಲ್ಲಿ ಯಾವುದು ಅಂತ ಮೊದಲು ನೋಡಿದರು. ಅದೇ ಅವರ ಆಕರ. ಕಡಿದರೆ ಮತ್ತೆ ಚಿಗುರುವ ಬಾವಳಿಯಾದ ಬೇರನ್ನು ಕಲ್ಲುಗಣಿಯ ಕೆಲಸಗಾರರು ಉಳಿ, ಸುತ್ತಿಗೆಯಿಂದ ಬಂಡೆಯೊಳಗಿನಿಂದ ಬಿಡಿಸಿ ತೆಗೆದರು. ಆ ಗುಂಡಿಗಳಲ್ಲೇ ಥೋರ್, ಕುಮಟ್ ಮುಂತಾದ ಕಲ್ಲುನೆಲದ ಗಿಡಗಳಿಗೆ ಜಾಗವಾಯಿತು. ಬೇಸಿಗೆಯಲ್ಲಿ ಹೋದರೆ ಒಣಗಿದಂತೆ ಕಾಣುತ್ತೆ. ಥಾರ್ ಮರುಭೂಮಿಯ ಅಂಚು ಬೇಸಿಗೆಯಲ್ಲಿ ಇರಬೇಕಾದ್ದೂ ಹಾಗೆಯೇ.

ಅಳೆಯುವುದು ಹೇಗೆ?

ನಾನು ಇಂಜಿನಿಯರ್, ಅಳತೆ ಇಲ್ಲದೆ ಸಮಾಧಾನ ಇಲ್ಲ. ಮಾನದಂಡಗಳಲ್ಲಿ ನನಗೆ ಇಷ್ಟವಾದ ಭಾಗವೂ ಅದೇ. ನೆಲವನ್ನು ಆರು ಗುಣಗಳಲ್ಲಿ ಆಕರದ ಎದುರಿಟ್ಟು ನೋಡುತ್ತಾರೆ, ಪ್ರತಿಯೊಂದಕ್ಕೂ 1ರಿಂದ 5 ನಕ್ಷತ್ರ. ವೀರಗಲ್ಲಿನ ಗೋಮಾಳಕ್ಕೆ ಅನ್ವಯಿಸಿದರೆ ಹೀಗೆ:

1. ಅಪಾಯಗಳು ನಿಂತಿವೆಯೇ? ಮಣ್ಣು ತೆಗೆಯುವುದು, ಕಸ ಸುರಿಯುವುದು, ಬಳ್ಳಾರಿ ಜಾಲಿ ಮತ್ತು ಲಂಟಾನದ ಹರಡುವಿಕೆ.
2. ಭೌತಿಕ ಸ್ಥಿತಿ: ಮೇಲ್ಮಣ್ಣು ಉಳಿದಿದೆಯೇ, ನೀರು ಇಂಗುತ್ತಿದೆಯೇ.
3. ಯಾವ ಜೀವಿಗಳಿವೆ: ಆಕರದಲ್ಲಿರುವ ಹುಲ್ಲು, ಗಿಡ, ಪ್ರಾಣಿಗಳಲ್ಲಿ ಎಷ್ಟು ಇಲ್ಲಿವೆ, ಹೊರಗಿನವು ಎಷ್ಟು.
4. ರಚನೆ: ಹುಲ್ಲು, ಪೊದೆ, ಮರ ಯಾವ ಅನುಪಾತದಲ್ಲಿ, ಹೇಗೆ ಹಂಚಿಕೊಂಡಿವೆ.
5. ಕಾರ್ಯ: ಬೀಜ ಮೊಳೆಯುತ್ತಿದೆಯೇ, ಪರಾಗಸ್ಪರ್ಶ, ಗೊಬ್ಬರದ ಚಕ್ರ ನಡೆಯುತ್ತಿದೆಯೇ.
6. ಹೊರಗಿನ ಕೊಡುಕೊಳೆ: ಪಕ್ಕದ ಕಾವಲು, ಹಳ್ಳಗಳಿಂದ ಹಕ್ಕಿ, ಬೀಜ, ನೀರು ಬಂದುಹೋಗುತ್ತಿವೆಯೇ.

"ನೆಟ್ಟ ಗಿಡಗಳಲ್ಲಿ ಇಷ್ಟು ಬದುಕಿವೆ" ಎಂಬ ನಮ್ಮ ಮಾಮೂಲಿ ವರದಿ ಈ ಆರರಲ್ಲಿ ಒಂದಕ್ಕೂ ಪೂರ್ತಿ ಉತ್ತರ ಅಲ್ಲ. ಹುಲ್ಲುನೆಲದಲ್ಲಿ ನೆಟ್ಟ ಎಲ್ಲ ಗಿಡಗಳೂ ಬದುಕಿದರೆ ನಾಲ್ಕನೆಯ ಗುಣದಲ್ಲಿ ನಕ್ಷತ್ರ ಕಮ್ಮಿಯಾಗುತ್ತೆ! ಐದು ನಕ್ಷತ್ರ ಎಲ್ಲರ ಕೈಗೂ ಎಟುಕಲ್ಲ. ಎರಡೇ ನಮ್ಮ ಗುರಿ ಅಂತ ಮೊದಲೇ ಬರೆದಿಟ್ಟು ಕೆಲಸ ಮಾಡಿದರೂ ಅದು ಪ್ರಾಮಾಣಿಕ ಕೆಲಸ. ಶಾಸನದ ಕಂಸದ ಹಾಗೆ.

ಇನ್ನೊಂದು ಮಾತು ಮಾನದಂಡಗಳಲ್ಲಿದೆ: ನೆಲ ತಾನಾಗಿ ಚೇತರಿಸಿಕೊಳ್ಳುವಂತಿದ್ದರೆ ಅಪಾಯ ತೆಗೆದು ಬಿಟ್ಟುಬಿಡಿ. ಅಷ್ಟು ಸಾಲದಿದ್ದರೆ ನೆರವು ಕೊಡಿ. ಬೀಜ, ಬೇರು ಯಾವುದೂ ಉಳಿದಿಲ್ಲದಿದ್ದರೆ ಮಾತ್ರ ಹೊಸದಾಗಿ ನೆಡಿ. ನೆಡುವುದು ಕೊನೆಯ ಉಪಾಯ, ಮೊದಲನೆಯದಲ್ಲ. ಹಾಗೆಯೇ ಜನರ ಪಳಗಿದ ಬಳಕೆಯಿಂದ ರೂಪಗೊಂಡ ಪರಿಸರವನ್ನೂ ಅವು ಆಕರವೆಂದು ಒಪ್ಪುತ್ತವೆ. ಗೋಮಾಳದಲ್ಲಿ ಹದವಾಗಿ ದನ, ಕುರಿ ಮೇಯುವುದು ಆಕರದ ಒಂದು ಭಾಗವೇ ಆಗಿರಬಹುದು. ಬೇಲಿ ಹಾಕಿ ಕುರಿಗಾಹಿಗಳನ್ನು ಹೊರಗಿಡುವ ಮೊದಲು ಇದನ್ನೂ ಯೋಚಿಸಬೇಕು.

ಹಾಗಾದರೆ ಏನು ಮಾಡೋಣ?

ಮಲೆನಾಡಿನ ಬೋಳುಗುಡ್ಡಕ್ಕೆ ಆಕರ ನಿಜವಾಗಿ ಕಾಡೇ ಆಗಿದ್ದರೆ ಮರ ನೆಡಿ, ಆ ಕಾಡಿನವನ್ನೇ ನೆಡಿ. ಗುಡಿಯ ಮುಂದೆ ನೆರಳು ಬೇಕಾದರೆ ಕಟ್ಟೆ ಕಟ್ಟಿ ಅರಳಿ ಹಾಕಿ, ಅದನ್ನು ಊರ ತೋಪು ಅನ್ನಿ. ಪುನಃಸ್ಥಾಪನೆ ಅನ್ನಬೇಡಿ. ಬೇರು ತಳಪಾಯಕ್ಕೆ ನುಗ್ಗದಷ್ಟು ದೂರ ಇರಲಿ. ಆಲ, ಅರಳಿಯ ಬೇರು ಕಲ್ಲುಕಟ್ಟಡಕ್ಕೆ ಏನು ಮಾಡುತ್ತೆ ಅಂತ ಹಾಳುಗುಡಿ ಸುತ್ತುವ ನಿಮಗೆ ಹೇಳಬೇಕಿಲ್ಲ. ಪಟ್ಟಿ ಕೇಳಿದ ಗೆಳೆಯರಿಗೆ ನನ್ನ ಸಲಹೆ: ಈ ಮಳೆಗಾಲ ಗುಂಡಿ ತೋಡಬೇಡಿ. ಬಳ್ಳಾರಿ ಜಾಲಿ ಕೀಳಿ, ಹುಲ್ಲು ಹೂಬಿಡುವವರೆಗೆ ಕಾಯಿರಿ, ಆಮೇಲೆ ಸಸ್ಯ ಬಲ್ಲವರೊಬ್ಬರನ್ನೂ ಊರ ಕುರಿಗಾಹಿಯೊಬ್ಬರನ್ನೂ ಕರೆದುಕೊಂಡು ಒಂದು ಸುತ್ತು ಹಾಕಿ ಏನೇನಿದೆ ಎಣಿಸಿ.

ಉಳಿದ ಓದುಗರಿಗೂ ಒಂದು ಕೆಲಸ ಇದೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಕಲ್ಲಿನ ಎತ್ತರ, ಅಗಲ, ಸಾಲುಗಳ ಸಂಖ್ಯೆ ಬರೆದುಕೊಳ್ತೀವಲ್ಲ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ಮಣ್ಣಿನ ಬಣ್ಣ, ಸುತ್ತ ಬೆಳೆದಿರುವ ಹುಲ್ಲು, ಗಿಡ, ಊರವರು ಅದಕ್ಕೆ ಕರೆಯುವ ಹೆಸರು, ತಿಂಗಳು. ಕಲ್ಲಿನ ಫೋಟೋ ತೆಗೆದ ಮೇಲೆ ಕಲ್ಲಿಗೆ ಬೆನ್ನು ತಿರುಗಿಸಿ ನಾಲ್ಕು ದಿಕ್ಕಿಗೂ ಒಂದೊಂದು ಫೋಟೋ ತೆಗೆಯಿರಿ. ಮೂಡಣ, ತೆಂಕಣ, ಪಡುವಣ, ಬಡಗಣ. ದಾನ ಬರೆಸಿದವರು ಗಡಿ ಹೇಳುವಾಗ ಮಾಡುತ್ತಿದ್ದದ್ದೂ ಅದನ್ನೇ.